ಟೈರಿಗೆ ಎರೆದ ಮಲ್ಲವ್ವ

ಡಲ್ಲಾಸ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಕೂಸು ಹುಟ್ಟಿದರೆ ಮೊದಲ ಫೋನು ಊರಿಗೆ ಹೋಗುತ್ತಿತ್ತು, ಎರಡನೆಯದು ಕ್ಯಾರಲ್ಟನ್‌ನ ಮಲ್ಲವ್ವನಿಗೆ. ಎಳೆಗೂಸಿನ ಮೈಗೆ ಎಣ್ಣೆ ತಿಕ್ಕಿ, ನೀಡಿದ ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹೊಗೆ ಹಾಕುವ ಮೊದಲು ಕುರ್ಚಿ ಹತ್ತಿ ಸ್ಮೋಕ್ ಅಲಾರಂ ಬಿಚ್ಚಿಡುವುದು ಈ ದೇಶದಲ್ಲಿ ಶಾಸ್ತ್ರದ ಒಂದು ಭಾಗವೇ ಆಗಿಹೋಗಿತ್ತು. ಯಾರಿಂದಲೂ ದುಡ್ಡು ಮುಟ್ಟಿದವಳಲ್ಲ. ಕುಬಸಕ್ಕೊಂದು ಖಣ ಕೊಟ್ಟರೆ ಕಣ್ಣಿಗೊತ್ತಿಕೊಂಡು ಇಸಿದುಕೊಳ್ಳುತ್ತಿದ್ದಳು, ಅಷ್ಟೆ. ಹ್ಯೂಸ್ಟನ್ ಕಡೆಯ ಸೈಪ್ರೆಸ್‌ನಿಂದ, ಆಸ್ಟಿನ್ ಆಚೆಯ ಜಾರ್ಜ್‌ಟೌನ್‌ನಿಂದಲೂ ಕರೆ ಬರುತ್ತಿತ್ತು. ಬೆಳಗಾವಿಯ ಶಹಾಪುರದ ಹೆಣ್ಣುಮಗಳೊಬ್ಬಳು ಟೆಕ್ಸಾಸಿನ ಮೂರು ಊರುಗಳ ಕೂಸುಗಳಿಗೆ ಮೈ ನೀವಿದಳು ಎಂದರೆ ಸಣ್ಣ ಮಾತಲ್ಲ.

ಅವಳಿಗೊಂದು ಹುಚ್ಚಿತ್ತು. ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಿದ್ದಳು. ಬಚ್ಚಲ ತುಂಬ ಹಬೆ ಏಳುತ್ತಿದ್ದಂತೆ, ಕಾಲ ಮೇಲಿನ ಕೂಸು ಅಳು ನಿಲ್ಲಿಸಿ ಕಣ್ಣು ಅರೆಮುಚ್ಚುತ್ತಿದ್ದಂತೆ, ಅವಳೂ ಎಲ್ಲಿಗೋ ಹೊರಟುಬಿಡುತ್ತಿದ್ದಳು. ಆ ಕೂಸಿನ ಮೊದಲ ಹೆಜ್ಜೆ, ಶಾಲೆಯ ಹಳದಿ ಬಸ್ಸು, ಮದುವೆಯ ಅಕ್ಕಿಕಾಳು, ಎಲ್ಲ ಹಬೆಯೊಳಗೆ ತೇಲಿ ಬರುತ್ತಿತ್ತು. ಕೈ ಮಾತ್ರ ತನ್ನ ಕೆಲಸ ಮರೆಯುತ್ತಿರಲಿಲ್ಲ. ಗಾಡಿ ನಡೆಸುವಾಗಲೂ ಇದೇ ಹಾಡು. ಪಕ್ಕದಲ್ಲಿ ಕೂತ ಗಂಡ ಅಪ್ಪಾಸಾಹೇಬ ಸಿಗ್ನಲ್ಲಿಗೊಮ್ಮೆ, "ಮುಂದ ನೋಡು, ಮುಂದ ನೋಡು" ಎಂದು ಎಚ್ಚರಿಸಬೇಕಾಗುತ್ತಿತ್ತು.

ಗಾಡಿ ಎಂದರೆ ಒಂದು ಪುಟ್ಟ ನೀಲಿ ಹೋಂಡಾ ಫಿಟ್. ಅದರ ಮೊಟ್ಟೆಯಂಥ ದುಂಡನೆಯ ಆಕಾರ ನೋಡಿ ಅಪ್ಪಾಸಾಹೇಬ ಅದಕ್ಕೆ 'ತತ್ತಿ' ಎಂದು ಹೆಸರಿಟ್ಟಿದ್ದ. ಆತನಿಗೆ ಕಿರಾಣಿ ಅಂಗಡಿಯ ದೊಡ್ಡ ವ್ಯಾನಿತ್ತು, ಆದರೆ ಮಲ್ಲವ್ವನಿಗೆ ತತ್ತಿಯೇ ಬೇಕು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ಅವಳು. ತನ್ನಷ್ಟೇ ಎತ್ತರದ, ತನ್ನ ಮಾತು ಕೇಳುವ ಗಾಡಿ ಅದೊಂದೇ ಎನ್ನುತ್ತಿದ್ದಳು.

ಟೆಕ್ಸಾಸಿನಲ್ಲಿ ಚಳಿಗಾಲ ಹೇಳದೆ ಕೇಳದೆ ಬರುವ ನೆಂಟ. ಒಂದು ವರ್ಷ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಂದಾಗಲಾದರೂ ಚಿತ್ರದಲ್ಲಿ ಕಾಣುವಂತೆ ಹಿಮ ಹೂವಾಗಿ ಉದುರುತ್ತದೆಯೇ? ಅದೂ ಇಲ್ಲ. ಮಳೆಯಾಗಿ ಇಳಿದು, ನೆಲ ಮುಟ್ಟಿದೊಡನೆ ಗಾಜಾಗುತ್ತದೆ. ೨೦೧೧ರ ಫೆಬ್ರುವರಿಯಲ್ಲಿ ಅಂಥದ್ದೇ ಒಂದು ದಿನ ಮಲ್ಲವ್ವ ಫ್ರಿಸ್ಕೋದ ಒಂದು ಮನೆಗೆ ಹೊರಟಿದ್ದಳು. ಅಲ್ಲಿಯ ಕೂಸಿಗೆ ಐದನೆಯ ದಿನ. ಐದನೆಯ ದಿನ ಸಂಜೆ ಸಟವಿ ದೇವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಎಂಬುದು ಅವಳ ಕಡೆಯ ನಂಬಿಕೆ. ಆ ಹೊತ್ತಿಗೆ ಮಾಡುವ ಪೂಜೆಗೆ ಕೂಸಿಗೆ ಎರೆದವಳೇ ಇಲ್ಲದಿದ್ದರೆ ಹೇಗೆ? ಆದರೆ ಒಂದು ಸೇತುವೆಯ ಮೇಲೆ ತತ್ತಿ ಬುಗುರಿಯಂತೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಅಲ್ಲಿಂದಲೇ ಮನೆಗೆ ವಾಪಸಾದಳು. ಆ ಮನೆಯವರು ಊರಿನ ಅಜ್ಜಿಯನ್ನು ಸ್ಕೈಪ್‌ನಲ್ಲಿ ಕೂರಿಸಿಕೊಂಡು ಪೂಜೆ ಮುಗಿಸಿದರು. ಕೂಸಿಗೆ ಒಂದು ಕೆಮ್ಮೂ ಬರಲಿಲ್ಲ, ದುಂಡುದುಂಡಗೆ ಬೆಳೆಯಿತು. ಸಂತೋಷಪಡಬೇಕಾದ ಸಂಗತಿ, ಮಲ್ಲವ್ವನಿಗೆ ಮಾತ್ರ ಅದು ಮುಳ್ಳಿನಂತೆ ಉಳಿಯಿತು. ತಾನಿಲ್ಲದೆಯೂ ಎಲ್ಲ ನಡೆಯುತ್ತದೆ ಎಂಬುದು ಯಾರಿಗೆ ತಾನೇ ಹಿಡಿಸೀತು?

ಎರಡು ವರ್ಷದ ಮೇಲೆ ಅವಳ ಒಬ್ಬಳೇ ಮಗಳು ನೇಹಾ ಬಸುರಿಯಾದಳು. ಗಂಡ ಶ್ರೀಶೈಲನ ಜೊತೆ ಮರ್ಫಿಯಲ್ಲಿ ಮನೆ ಮಾಡಿಕೊಂಡಿದ್ದಳು. ಮಲ್ಲವ್ವ ಬೇಸಿಗೆಯಲ್ಲೇ ಹಳೆಯ ಸೀರೆಗಳನ್ನು ಹರಿದು, ಒಗೆದು, ಕೂಸಿನ ದುಪ್ಪಟಿ ಹೊಲಿಯತೊಡಗಿದಳು. ಒಂದು ಭಾನುವಾರ ಊಟಕ್ಕೆ ಬಂದ ನೇಹಾ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದಳು.

"ಅವ್ವಾ, ಫಸ್ಟ್ ಟೂ ವೀಕ್ಸ್ ನಾವಿಬ್ರೇ ಇರ್ತೀವಿ, ಓಕೆ? ಆಮ್ಯಾಲ ನೀ ಬಾ. ಹೊಕ್ಕಳ ಬೀಳೂತನಕ ಸ್ನಾನ ಬ್ಯಾಡ ಅಂದಾರ ಡಾಕ್ಟರು. ಎಣ್ಣಿ, ಹೊಗಿ… ಐ ಡೋಂಟ್ ವಾಂಟ್ ಎನಿ ಆಫ್ ಇಟ್. ಪ್ಲೀಸ್, ಬ್ಯಾಸರ ಮಾಡ್ಕೋಬ್ಯಾಡ."

"ಆತು ತಗೋ, ಅದಕ್ಕೇನು" ಎಂದು ಮಲ್ಲವ್ವ ಎದ್ದುಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವಳು ಎಷ್ಟೋ ಜನರಿಗೆ ಹೇಳಿದ್ದಳು. ಆ ಹಿತ್ತಲ ಗಿಡಕ್ಕೆ ಹೇಗನಿಸುತ್ತದೆ ಎಂದು ಯೋಚಿಸಿರಲಿಲ್ಲ. ಅವಳಿಗೆ ಬಹಳ ನೋವಾಯಿತು. ಮಗಳ ಮೇಲೆ ಸಿಟ್ಟು ಮಾಡಲೂ ಆಗದಂಥ ನೋವು, ಯಾಕೆಂದರೆ ಮಗಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೂ ಮನಸ್ಸಿನ ಒಂದು ಮೂಲೆ ಕನಸು ಬಿಡಲಿಲ್ಲ. ಮಗಳು ಕರೆದರೆ? ದಿನ ತುಂಬುವುದು ಡಿಸೆಂಬರಿನಲ್ಲಿ. ಕರೆದ ದಿನವೇ ನೆಲ ಗಾಜಾಗಿದ್ದರೆ? ಬೇರೆಯವರ ಮನೆಯ ಪೂಜೆ ತಪ್ಪಿದ್ದನ್ನು ನುಂಗಿಕೊಂಡಿದ್ದಾಯಿತು. ಸ್ವಂತ ಮಗಳು ಬಾ ಎಂದಾಗ ಹೋಗಲಾಗದಿದ್ದರೆ ಮತ್ತೆ ಅವಳು ಕರೆಯುವುದಿಲ್ಲ ಎಂದು ಮಲ್ಲವ್ವನಿಗೆ ಯಾಕೋ ಖಾತ್ರಿಯಾಗಿತ್ತು.

ಹೀಗಾಗಿ ನವೆಂಬರಿನ ಒಂದು ಮಧ್ಯಾಹ್ನ, ಗಾಡಿಯಲ್ಲಿ ಎ.ಸಿ. ಹಾಕಿಕೊಂಡೇ ಟೈರಿನ ಅಂಗಡಿಗೆ ಹೋಗಿ ವಿಂಟರ್ ಟೈರ್ ಕೇಳಿದಳು. ಕೌಂಟರಿನವನು ಕಿಟಕಿಯಾಚೆಯ ಬಿಸಿಲು ನೋಡಿದ, ಅವಳ ಮುಖ ನೋಡಿದ. ಇದು ಟೆಕ್ಸಾಸ್ ಮ್ಯಾಮ್, ಇಲ್ಲಿ ಆಲ್ ಸೀಸನ್ ಟೈರೇ ಸಾಕು, ರಸ್ತೆ ಹೆಪ್ಪುಗಟ್ಟಿದ ದಿನ ಮನೆಯಲ್ಲಿ ಸೂಪ್ ಕುಡಿದು ಕೂತರಾಯಿತು ಎಂದ. ಮಲ್ಲವ್ವ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕೂತಳು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲವಾಗಿ ಆತ ಒಳಗಿಂದ ಎರಡು ಹಳೆಯ ಟೈರು ಉರುಳಿಸಿಕೊಂಡು ಬಂದ. ಉತ್ತರದ ರಾಜ್ಯಗಳಿಂದ ಶಿಫ್ಟ್ ಆಗಿ ಬಂದವರು ಇನ್ನು ಬೇಡವೆಂದು ಬಿಚ್ಚಿಸಿ ಬಿಟ್ಟುಹೋದಂಥವು.

ಒಂದರ ಮೇಲೆ ದೊಡ್ಡ ದೊಡ್ಡ ಉಬ್ಬು, ಆಳವಾದ ಕಾಲುವೆ. ಅದು ಮೊಣಕಾಲುದ್ದ ಹಿಮ ಬೀಳುವ ಕಡೆಗೆ. ಇನ್ನೊಂದರ ಮೈಮೇಲೆ ಕೂದಲಿನಷ್ಟು ತೆಳ್ಳಗಿನ ಸಾವಿರ ಸೀಳು. ಅದು ಮಂಜುಗಡ್ಡೆಗೆ, ಒಂದೊಂದು ಸೀಳೂ ನೆಲವನ್ನು ಕಚ್ಚುತ್ತದೆ ಎಂದ. ಸಾದಾ ಟೈರಿನ ರಬ್ಬರು ಚಳಿಗೆ ಕಟ್ಟಿಗೆಯಂತೆ ಬಿರುಸಾಗುತ್ತದೆ, ಇದು ಮೆತ್ತಗೇ ಉಳಿಯುತ್ತದೆ, ಹಿಡಿತದ ಗುಟ್ಟೇ ಅದು ಎಂದ. ಆದರೆ ಇಲ್ಲಿಯ ಬೇಸಿಗೆಗೆ ಸಾಬೂನಿನಂತೆ ಸವೆದುಹೋಗುತ್ತದೆ, ಮಾರ್ಚ್ ಬರುವಷ್ಟರಲ್ಲಿ ಬಿಚ್ಚಿಡಬೇಕು. ಇದಿದ್ದರೂ ನಿಧಾನ ಹೋಗಬೇಕು, ಬ್ರೇಕ್ ತುಳಿಯಬಾರದು. ಮಲ್ಲವ್ವ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ಒತ್ತಿದ ಹಾಗೆ. ತೆಳ್ಳಗಿನ ಸೀಳಿನದು ಬೆರಳಿಗೆ ಸೋತು ಒಳಗೆ ಹೋಯಿತು.

"ಇದೇ ಕೊಡಿ" ಎಂದಳು. ಮುಂದಿನ ಎರಡು ಗಾಲಿಗೆ ಸಾಕಲ್ಲವೇ ಎಂದು ಕೇಳಿದ್ದಕ್ಕೆ ಆತ ಒಪ್ಪಲಿಲ್ಲ. ಮುಂದಷ್ಟೇ ಹಿಡಿದು ಹಿಂದೆ ಹಿಡಿಯದಿದ್ದರೆ ಗಾಡಿ ಮತ್ತೆ ಬುಗುರಿಯಾಗುತ್ತದೆ. ನಾಲ್ಕನ್ನೂ ಕೊಲೊರಾಡೊದಿಂದ ತರಿಸಿಕೊಡುತ್ತೇನೆ ಎಂದ.

ಸುದ್ದಿ ಕೇಳಿದ ಅಪ್ಪಾಸಾಹೇಬ ಸಂಜೆಯೆಲ್ಲ ನಕ್ಕ.

"ಕೆರಿ ಇಲ್ಲದ ಊರಾಗ ದೋಣಿ ಕೊಂಡಂಗಾತಲ್ಲ ನಿನ್ನ ಕತಿ! ಯಾರ ಮನಿಗೆ ಹೋಗೂದಿತ್ತವ್ವಾ ಇದನ್ನ ಹಾಕ್ಕೊಂಡು?"

"ಎಲ್ಲಿಗಾದ್ರೂ ಹೋಗ್ತೀನಿ. ನಿಮಗೇನ್ರಿ?"

ಅವಳ ದನಿ ಕೇಳಿ ಆತ ನಗು ನಿಲ್ಲಿಸಿದ. ಯಾರ ಮನೆಗೆ ಎಂದು ಆತನಿಗೂ ಗೊತ್ತಿತ್ತು.

ಟೈರು ಬಂದು ಕೂತವು. ಗ್ಯಾರೇಜಿನಲ್ಲಿ ಪೂಜೆಯಾಯಿತು, ಗಾಲಿಗೊಂದು ಲಿಂಬೆಹಣ್ಣು, ಕುಂಕುಮ, ಒಂದು ತೆಂಗಿನಕಾಯಿ. ಡಿಸೆಂಬರಿನ ಮೊದಲ ವಾರ ನೇಹಾಳಿಗೆ ಹೆಣ್ಣುಕೂಸು ಹುಟ್ಟಿತು. ಮಲ್ಲವ್ವ ಆಸ್ಪತ್ರೆಗೆ ಹೋಗಿ ನೋಡಿದಳು, ಒಂದು ಗಳಿಗೆ ಎತ್ತಿಕೊಂಡಳು, ಕೊಟ್ಟ ಮಾತಿನಂತೆ ಏನೂ ಅನ್ನದೆ ಮನೆಗೆ ಬಂದಳು. ಟಿ.ವಿ.ಯಲ್ಲಿ ಚಳಿಯ ಮುನ್ಸೂಚನೆ ಬರುತ್ತಿತ್ತು. ಅವಳಿಗೆ ಕೈ ಸುಮ್ಮನಿರಲೊಲ್ಲದು. ಮೆತ್ತಗಿದ್ದರೆ ಹಿಡಿತ ಎಂದಿದ್ದನಲ್ಲ ಅಂಗಡಿಯವನು? ಲೋಕದಲ್ಲಿ ಒಂದು ವಸ್ತು ಮೆತ್ತಗಿರಬೇಕಾದರೆ ಏನು ಮಾಡಬೇಕೆಂದು ಮಲ್ಲವ್ವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಗ್ಯಾರೇಜಿಗೆ ಹೋಗಿ, ನೆಲದ ಮೇಲೆ ಕೂತು, ನಾಲ್ಕೂ ಟೈರಿಗೆ ಒಂದು ಸೀಳೂ ಬಿಡದಂತೆ ತಿಕ್ಕಿದಳು. ಮೊಮ್ಮಗಳ ಮೈಗೆ ಹಚ್ಚಬೇಕಿದ್ದ ಎಣ್ಣೆ ಅದು. ತಿಕ್ಕುತ್ತ ತಿಕ್ಕುತ್ತ ಕಣ್ಣು ಮಂಜಾಗಿ, ಕೈಯಡಿಯ ರಬ್ಬರು ಎಳೆಯ ತೊಡೆಯಂತೆ ತೋರತೊಡಗಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯರಿಗೆ ಬುದ್ಧಿ ಎಲ್ಲಿರುತ್ತದೆ?

ಕೂಸಿಗೆ ಐದನೆಯ ದಿನ ಬೆಳಗಾದಾಗ ಲೋಕವೇ ಗಾಜಾಗಿತ್ತು. ಮರದ ಟೊಂಗೆ, ತಂತಿ, ಬೇಲಿ, ಹುಲ್ಲಿನ ಒಂದೊಂದು ಎಸಳು ಗಾಜಿನ ಕುಪ್ಪಸ ತೊಟ್ಟು ನಿಂತಿದ್ದವು. ಎಲ್ಲಿಯೂ ಸದ್ದಿಲ್ಲ. ಮಲ್ಲವ್ವ ಕಿಟಕಿಯಲ್ಲಿ ನಿಂತು, ಈ ಜಾರಿಕೆಯಲ್ಲಿ ಇವತ್ತು ಸಟವಿ ಮರ್ಫಿಗೆ ಹೇಗೆ ಹೋಗುತ್ತಾಳೋ ಎಂದು ಯೋಚಿಸುತ್ತಿದ್ದಾಗ ಫೋನು ಬಂತು.

"ಅವ್ವಾ" ಎಂದಳು ನೇಹಾ.

"ಕೂಸು ಆರಾಮೈತೇನು?"

"ಬೇಬಿ ಈಸ್ ಫೈನ್. ನಾ… ನಾ ಆರಾಮಿಲ್ಲ ಅವ್ವಾ. ಸುಮ್‌ಸುಮ್ನ ಅಳು ಬರ್ತೈತಿ. ನೀ ಬಾ." ಆಮೇಲೆ ತಾನೇ ಬೆಚ್ಚಿ, "ನೋ, ಬ್ಯಾಡ. ರೋಡ್ಸ್ ಆರ್ ಟೆರಿಬಲ್. ಬರಬ್ಯಾಡ" ಎಂದಳು.

"ಬಂದೆ" ಎಂದಳು ಮಲ್ಲವ್ವ.

ರಿವರ್ಸ್‌ನಲ್ಲಿ ಹೊರಟ ಗಾಡಿ ಗ್ಯಾರೇಜಿನ ಹೊಸ್ತಿಲನ್ನು ಪೂರ್ತಿ ದಾಟಲಿಲ್ಲ. ಹಿಂದಿನ ಗಾಲಿಗಳು ಹೊರಗಿನ ಗಾಜಿನ ಮೇಲೆ ಇಳಿದವು, ಮುಂದಿನವು ಇದ್ದಲ್ಲೇ ಗರಗರ ತಿರುಗಿದವು, ತತ್ತಿ ಸೊಂಟ ತಿರುವಿ ಅಡ್ಡ ನಿಂತಿತು. ಅಪ್ಪಾಸಾಹೇಬ ಬಗ್ಗಿ ಟೈರು ಮುಟ್ಟಿದ. ಬೆರಳು ಮೂಸಿದ. ಮತ್ತೊಮ್ಮೆ ಮೂಸಿದ.

"ಏ ಮಲ್ಲಿ, ಟೈರಿಗೆ ಹರಳೆಣ್ಣಿ ಹಚ್ಚೀಯೇನ?"

"ಮೆತ್ತಗ ಇರಲಿ ಅಂತ…" ಎನ್ನುತ್ತಿದ್ದಂತೆ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು. ಮಗಳು ಬಾ ಎಂದಿದ್ದಾಳೆ. ಹೋಗುವ ದಾರಿಯನ್ನು ತಾನೇ ಕೈಯಾರೆ ಎಣ್ಣೆ ಹೊಯ್ದು ಮುಚ್ಚಿಕೊಂಡಿದ್ದಾಳೆ. ಸ್ಟೀರಿಂಗ್ ಹಿಡಿದುಕೊಂಡೇ ಮಲ್ಲವ್ವ ಅತ್ತಳು. ಅಪ್ಪಾಸಾಹೇಬನಿಗೆ ನಗು ತುಟಿಯವರೆಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

"ಅಳಬ್ಯಾಡ. ಎಣ್ಣಿ ಹಚ್ಚಿದಾಕಿ ನೀನು, ತಗ್ಯಾಕೂ ನಿನಗೆ ಬರ್ತೈತಿ. ಕೂಸಿನ ಮೈಯಾಗಿಂದ ಹೆಂಗ ತಗೀತಿ?"

ಮಲ್ಲವ್ವ ಮೂಗೊರೆಸಿಕೊಂಡಳು. ಇಬ್ಬರೂ ಸೇರಿ ಪುಟ್ಟ ಗಾಡಿಯನ್ನು ಒಳಕ್ಕೆ ನೂಕಿದರು. ಡಬ್ಬಿಯಲ್ಲಿದ್ದ ಕಡಲೆಹಿಟ್ಟು, ಸೀಗೆಪುಡಿ ಎಲ್ಲ ಬಂತು, ಬಕೆಟ್ಟುಗಳಲ್ಲಿ ಬಿಸಿನೀರು ಬಂತು. ಗ್ಯಾರೇಜಿನ ತುಂಬ ಹಬೆ ಎದ್ದಿತು. ಮಲ್ಲವ್ವ ಸೀರೆ ಎತ್ತಿ ಕಟ್ಟಿ ಒಂದೊಂದೇ ಟೈರಿಗೆ ಹಿಟ್ಟು ಹಚ್ಚಿ, ಸೀಳು ಸೀಳಿಗೂ ಬ್ರಷ್ ಹಾಕಿ ತಿಕ್ಕಿ, ಎರೆದಳು. ಹಬೆಯಲ್ಲಿ ಅವಳಿಗೆ ಗಾಡಿ ಕಾಣಲಿಲ್ಲ. ನಾಲ್ಕು ಕಪ್ಪು ಕೂಸುಗಳು ಕಣ್ಣು ಮುಚ್ಚಿ ನೀರು ಹೊಯ್ಯಿಸಿಕೊಳ್ಳುತ್ತಿದ್ದ ಹಾಗೆ ಕಂಡಿತು. ಹಿಂದೆಯೇ ಅಪ್ಪಾಸಾಹೇಬ ಹಳೆಯ ಸೀರೆಯಿಂದ ಒರೆಸುತ್ತ ಬಂದ.

"ಲೋಬಾನ ಒಂದ ಬಾಕಿ" ಎಂದ. ಅಷ್ಟು ದಿನದಲ್ಲಿ ಮೊದಲ ಸಲ ಮಲ್ಲವ್ವ ನಕ್ಕಳು.

ತಾನೂ ಬರುತ್ತೇನೆ ಎಂದು ಆತ ಅಂದದ್ದಕ್ಕೆ ಅವಳು ಬೇಡವೆಂದಳು. "ನೀವು ಬಾಜೂಕ ಕುಂತ್ರ ಇಲ್ಲದ ಬ್ರೇಕ್ ತುಳಿದು ನನ್ನೂ ಅಂಜಸ್ತೀರಿ." ಆತ ಗಾಡಿಯ ಹಿಂದೆ ತೂಕಕ್ಕೆಂದು ಜೋಳದ ಹಿಟ್ಟಿನ ಎರಡು ಚೀಲ ಇಟ್ಟು, ಕಣ್ಣಿಗೆ ಕಾಣುವವರೆಗೆ ಬಾಗಿಲಲ್ಲೇ ನಿಂತ.

ಹೈವೇಯ ಸೇತುವೆಗಳನ್ನು ನಂಬದೆ ಮಲ್ಲವ್ವ ಪ್ಲೇನೋ ಪಾರ್ಕ್‌ವೇ ಹಿಡಿದಳು. ಟೈರು ಹಿಡಿಯಿತು. ಕೆಳಗಿನಿಂದ ಸಣ್ಣಗೆ ಕರಕರ ಎಂದು, ಯಾರೋ ಕಲ್ಲುಸಕ್ಕರೆ ಅಗಿಯುವ ಸದ್ದು ಬರುತ್ತಿತ್ತು. ಮೈಲಿಗಟ್ಟಲೆ ರಸ್ತೆ ಖಾಲಿ. ದೊಡ್ಡ ದೊಡ್ಡ ಪಿಕಪ್ ಟ್ರಕ್ಕುಗಳು ಹುಲ್ಲಿನ ಮೇಲೆ ಮುಖ ತಿರುವಿಕೊಂಡು ನಿಂತಿದ್ದವು, ತತ್ತಿ ಮಾತ್ರ ಅವುಗಳ ನಡುವೆ ಸದ್ದಿಲ್ಲದೆ ಉರುಳುತ್ತ ಹೋಯಿತು. ಕರೆಂಟು ಹೋಗಿ ಸಿಗ್ನಲ್ಲುಗಳು ಕಣ್ಣು ಮುಚ್ಚಿದ್ದವು. ಬಿಸಿಲು ಒಂದಿಷ್ಟು ಹರಿದಾಗ ಎರಡೂ ಬದಿಯ ಓಕ್ ಮರಗಳು ಹೊತ್ತಿಕೊಂಡಂತೆ ಮಿನುಗಿದವು. ಇದೇ ಊರಿನಲ್ಲೇನು ತಾನು ಇಷ್ಟು ವರ್ಷ ಬಾಳಿದ್ದು ಎಂದು ಅವಳಿಗೆ ಅನುಮಾನ ಬಂತು.

ಎಲ್ಲೋ ಒಂದು ಕಡೆ ಅವಳಿಗೆ ಸಟವಿ ಕಂಡಳು. ರಸ್ತೆಯ ಅಂಚಿನಲ್ಲಿ ಸೆರಗು ಹೊದ್ದು, ಒಂದೊಂದೇ ಹೆಜ್ಜೆ ಊರುತ್ತ ಹೋಗುತ್ತಿದ್ದಳು.

"ಹತ್ತವ್ವಾ, ಅಲ್ಲಿಗೇ ಹೊಂಟೀನಿ" ಎಂದಳು ಮಲ್ಲವ್ವ. ದೇವಿ ಹತ್ತಿ ಕೂತಳೋ ಇಲ್ಲವೋ, ಇವಳು ಮಾತ್ರ ದಾರಿಯುದ್ದಕ್ಕೂ ಮಾತಾಡಿದಳು. ಹುಡುಗಿಯ ಹಣೆಗೆ ಒಳ್ಳೆಯದನ್ನು ಬರಿ. ಅವಳ ತಾಯಿಯ ಹಣೆಯಲ್ಲೂ ಎಲ್ಲಾದರೂ ಜಾಗ ಉಳಿದಿದ್ದರೆ ನನ್ನ ಹೆಸರು ಬರಿ. ಮರ್ಫಿಯ ಹತ್ತಿರ ಒಂದು ಇಳಿಜಾರಿನಲ್ಲಿ ತತ್ತಿಯ ಹಿಂಭಾಗ ಮೆಲ್ಲಗೆ ಎಡಕ್ಕೆ ತೇಲಿತು. ಕಾಲು ಬ್ರೇಕಿಗೆ ಹೋಗಬೇಕೆಂದಿತು, ಮಲ್ಲವ್ವ ಬಿಡಲಿಲ್ಲ. ಅಳುವ ಕೂಸನ್ನು ಹೇಗೆ ಬಿಗಿಯಾಗಿಯೂ ಅಲ್ಲ, ಸಡಿಲಾಗಿಯೂ ಅಲ್ಲ ಹಿಡಿಯುತ್ತಿದ್ದಳೋ ಹಾಗೆ ಸ್ಟೀರಿಂಗ್ ಹಿಡಿದು ತೇಲಿದತ್ತಲೇ ತಿರುಗಿಸಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸೀಳುಗಳು ಕಚ್ಚಿಕೊಂಡವು, ಗಾಡಿ ನೆಟ್ಟಗಾಯಿತು.

ಬಾಗಿಲು ತೆರೆದ ಶ್ರೀಶೈಲ ನಿದ್ದೆಯಿಲ್ಲದ ಕಣ್ಣು ಅರಳಿಸಿ, "ಅತ್ತೀ, ಹೆಂಗ ಬಂದ್ರಿ ನೀವು!" ಎಂದ. ಒಳಗೆ ಕೂಸು ಮಲಗಿತ್ತು. ಹಾಸಿಗೆಯ ಅಂಚಿನಲ್ಲಿ ಕೂತಿದ್ದ ನೇಹಾಳ ಕೂದಲು ಗಂಟುಗಟ್ಟಿತ್ತು, ಮುಖ ಬಾತಿತ್ತು. ಮಲ್ಲವ್ವ ಕೋಣೆಯ ಬಾಗಿಲಲ್ಲೇ ನಿಂತಳು.

"ಕೂಸಿಗೆ ನಾ ಏನೂ ಹಚ್ಚಾಂಗಿಲ್ಲವಾ" ಎಂದಳು. "ಎಣ್ಣಿ ಇಲ್ಲ, ಹೊಗಿ ಇಲ್ಲ. ಸುಮ್ನ ಕೂಡ್ತೀನಿ."

ನೇಹಾ ತಲೆಯಾಡಿಸಿದಳು.

"ಕೂಸಿಗೆ ಅಲ್ಲ. ನನಗ ಎರಿ ಅವ್ವಾ."

ಬಚ್ಚಲಲ್ಲಿ ಮಣೆ ಇರಲಿಲ್ಲ, ಪ್ಲಾಸ್ಟಿಕ್ ಸ್ಟೂಲ್ ಆಯಿತು. ಸಂಜೆಯ ಪೂಜೆಗೆ ಹೊತ್ತಾಗುತ್ತದಲ್ಲ ಎಂದು ಒಮ್ಮೆ ಅನಿಸಿತು. ಸಟವಿ ಒಂದಿಷ್ಟು ಕಾಯಲಿ, ಪಾಪ ಅವಳೂ ದಣಿದು ಬಂದಿದ್ದಾಳೆ ಎಂದುಕೊಂಡಳು. ಮಗಳ ನೆತ್ತಿಗೆ, ಬೆನ್ನಿಗೆ ಎಣ್ಣೆ ನೀವಿದಳು. ತಡೆಯುವಷ್ಟು ಬಿಸಿಯ ನೀರನ್ನು ಹೆಗಲಿನ ಮೇಲೆ, ಸೊಂಟದ ಮೇಲೆ ಮಗ್ಗು ಮಗ್ಗಾಗಿ ಹೊಯ್ದಳು. ನೇಹಾ ಮೊದಲು ಬಿಕ್ಕಿದಳು, ಆಮೇಲೆ ಸುಮ್ಮನಾದಳು, ಆಮೇಲೆ ಹಬೆಯೊಳಗಿಂದ ಕೇಳಿದಳು.

"ನಾ ಹುಟ್ಟಿದಾಗ ನಿನಗ ಯಾರು ಎರದ್ರು?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಮಾತದು. ಅರ್ಲಿಂಗ್‌ಟನ್‌ನ ಆ ಅಪಾರ್ಟ್‌ಮೆಂಟು, ಹೊಸ ದೇಶ, ಕೆಲಸಕ್ಕೆ ಹೋದ ಗಂಡ, ಹೊರಗೆ ಅಳುವ ಕೂಸು. ತಾನೇ ನಲ್ಲಿ ತಿರುಗಿಸಿ, ಕೈಗೆ ಎಟುಕದ ಬೆನ್ನಿಗೆ ನೀರು ಎರಚಿಕೊಳ್ಳಲು ಹೆಣಗಿದ್ದು.

"ಯಾರೂ ಇಲ್ಲವಾ. ನಾನ ಎರಕೊಂಡೆ."

ನೇಹಾ ತಿರುಗಿ ತಾಯಿಯ ಮುಖ ನೋಡಿದಳು. ಎದ್ದು ನಿಂತು, ಟವೆಲು ಸುತ್ತಿಕೊಂಡು, ಮಗ್ಗನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಕೂಡು."

"ಹುಚ್ಚಿ, ನೀ ಬಾಣಂತಿ. ನನ್ನ ಸೀರಿ ತೋಯ್ತದ."

"ತೋಯಲಿ. ಕೂಡು ಅವ್ವಾ."

ಮಲ್ಲವ್ವ ಸ್ಟೂಲಿನ ಮೇಲೆ ಕೂತಳು. ಮೂರೂರ ಕೂಸುಗಳಿಗೆ ಎರೆದವಳಿಗೆ ಎರೆಸಿಕೊಳ್ಳುವಾಗ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ಬೆನ್ನ ಮೇಲೆ ಬಿಸಿನೀರು ಇಳಿಯಿತು. ಹೊರಗೆ ಕೂಸು ಎದ್ದು ಅಳತೊಡಗಿತು. ಶ್ರೀಶೈಲ ಬಾಗಿಲು ಬಡಿದು, "ಅತ್ತೀ, ಅಳಾಕತ್ತಾಳ ನೋಡ್ರಿ" ಎಂದ.

"ಸ್ವಲ್ಪ ತಡಿ" ಎಂದಳು ನೇಹಾ, ಇನ್ನೊಂದು ಮಗ್ಗು ತುಂಬಿಕೊಳ್ಳುತ್ತ.

ಕೂಸಿನ ಅಳು ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದ ಮಲ್ಲವ್ವ ಈ ಸಲ ಏಳಲಿಲ್ಲ.